ಕೂಸನ್ನೆತ್ತಿಕೊಂಡವರು ಎಲ್ಲಿ ಕುಳಿತುಕೊಳ್ಳಬೇಕು?

"ಹಸುಗೂಸು ಕಟ್ಟಿಕೊಂಡು ತಿರುಗಾಟ ಯಾಕೆ? ಮನೆಯಲ್ಲಿ ಇರಬಾರದಾ?"

ಈ ಮಾತು ಕೇಳದ ತಾಯಿ ನಮ್ಮಲ್ಲಿ ಯಾರಿದ್ದಾರೆ? ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೇಳುತ್ತಾರೆ. ಮದುವೆ ಹಾಲ್‌ನಲ್ಲಿ ಹಿರಿಯರು ಹೇಳುತ್ತಾರೆ. ಹೋಟೆಲಿನಲ್ಲಿ ಮಗು ಒಮ್ಮೆ ಕಿರುಚಿದರೆ ಸಾಕು, ಆಚೆ ಮೇಜಿನವರು ಬಾಯಿಬಿಟ್ಟು ಹೇಳದಿದ್ದರೂ ಕಣ್ಣಿನಲ್ಲೇ ಹೇಳಿಬಿಡುತ್ತಾರೆ. ಹೇಳುವವರೆಲ್ಲ ಕೆಟ್ಟವರೇನಲ್ಲ. ಮಗುವಿನ ಮೇಲಿನ ಕನಿಕರದಿಂದಲೇ ಹೆಚ್ಚಿನವರು ಹೇಳುವುದು. ಆದರೆ ಆ ಕನಿಕರದ ಒಳಗೆ ಒಂದು ತೀರ್ಪು ಅಡಗಿದೆ. ಮಗು ಹುಟ್ಟಿದ ದಿನದಿಂದ ಅದು ನಡೆಯಲು, ತಿನ್ನಲು, ಬಾಯಿ ಮುಚ್ಚಿಕೊಂಡು ಕೂರಲು ಕಲಿಯುವ ದಿನದವರೆಗೆ ಅದರ ತಾಯಿಗೆ ಹೊರಲೋಕದಲ್ಲಿ ಜಾಗವಿಲ್ಲ ಎಂಬುದೇ ಆ ತೀರ್ಪು. ಮೂರು ಮಕ್ಕಳನ್ನು ಹೆತ್ತವಳ ಪಾಲಿಗೆ ಈ ಲೆಕ್ಕ ಎಷ್ಟು ವರ್ಷವಾಗುತ್ತದೆಂದು ತೀರ್ಪುಗಾರರು ಒಮ್ಮೆ ಕೂಡಿಸಿ ನೋಡಲಿ.

ಮೊದಲಿಗೆ ಒಂದು ಮಾತು. ನಾವು ಶೋಕಿಗಾಗಿಯೇ ಹೊರಡುವವರಲ್ಲ. ಸರಕಾರದ ಚುಚ್ಚುಮದ್ದಿನ ಪಟ್ಟಿಯನ್ನೇ ನೋಡಿ: ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ, ಮತ್ತೆ ಒಂಬತ್ತು ತಿಂಗಳಿಗೆ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಬನ್ನಿ ಎಂದು ಸರಕಾರವೇ ಕರೆಯುತ್ತದೆ. ತವರಿಗೆ ಹೋಗಬೇಕು, ಮದುವೆಗೆ ಹೋಗಬೇಕು, ಹತ್ತಿರದವರ ಮಯ್ಯಿತ್ ಆದರೆ ನಡುರಾತ್ರಿಯಲ್ಲಾದರೂ ಹೊರಡಬೇಕು. ಇವೆಲ್ಲ ಇರಲಿ. ಬರಿಯ ಸಂತೋಷಕ್ಕಾಗಿ ಒಂದು ದಿನ ಸಮುದ್ರ ನೋಡಲು, ಜಲಪಾತ ನೋಡಲು, ಹೊರಗೆ ಒಂದು ಊಟ ಮಾಡಲು ಹೊರಟರೂ ಅದಕ್ಕಾಗಿ ಯಾರ ಮುಂದೆಯೂ ಸಬೂಬು ಹೇಳಬೇಕಾಗಿಲ್ಲ. ಬಾಣಂತನದ ನಾಲ್ಕು ಗೋಡೆಗಳ ನಡುವೆ ತಿಂಗಳುಗಟ್ಟಲೆ ಕಳೆದವಳಿಗೆ ಸ್ವಲ್ಪ ಗಾಳಿ ಬೇಕು ಎನ್ನಲು ಫತ್ವಾ ಬೇಕೆ?

ಜೋಗದ ಪ್ರವಾಸವನ್ನೇ ತೆಗೆದುಕೊಳ್ಳೋಣ. ಮಳೆಗಾಲ ಮುಗಿಯುತ್ತಾ ಬಂದಾಗ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಸುದ್ದಿ ಏಳುತ್ತದೆ. ಎರಡು ಮನೆಯವರು ಸೇರಿ ಟೆಂಪೊ ಟ್ರಾವೆಲರ್ ಮಾಡುತ್ತಾರೆ. ಹೊನ್ನಾವರದಲ್ಲಿ ಬಲಕ್ಕೆ ತಿರುಗಿ ಗೇರುಸೊಪ್ಪೆಯ ಘಟ್ಟ ಹತ್ತಿದರೆ ಆಯಿತು. ಗಂಡಸರು ಫಜ್ರ್ ನಮಾಝ್ ಮುಗಿಸಿ ಬಂದು "ಇನ್ನೂ ಆಗಿಲ್ವಾ?" ಎಂದು ಕೇಳುವ ಹೊತ್ತಿಗೆ ಹೆಂಗಸರು ಎದ್ದು ಎರಡು ಮೂರು ಗಂಟೆ ಕಳೆದಿರುತ್ತದೆ. ತುಪ್ಪದನ್ನ, ಕೋಳಿ ಸುಕ್ಕ ತಯಾರಾಗಿ ಡಬ್ಬಿ ಸೇರಿರುತ್ತವೆ. ಮಗುವಿಗೆ ರಾಗಿ ಮಣ್ಣಿ ಬೇರೆ, ಫ್ಲಾಸ್ಕಿನಲ್ಲಿ ಬಿಸಿನೀರು, ಆರು ಜೊತೆ ಬಟ್ಟೆ, ಒದ್ದೆಯಾದದ್ದನ್ನು ತುಂಬಲು ಪ್ಲಾಸ್ಟಿಕ್ ಚೀಲ, ಟವೆಲು, ಜ್ವರದ ಸಿರಪ್, ಘಟ್ಟದ ತಿರುವಿನಲ್ಲಿ ವಾಂತಿ ಬಂದರೆಂದು ಲಿಂಬೆಹಣ್ಣು. ಇದನ್ನೆಲ್ಲ ನೆನಪಿಟ್ಟು ಕಟ್ಟಿಕೊಂಡವಳಿಗೆ, "ಇಷ್ಟೊಂದು ಚೀಲ ಯಾಕೆ?" ಎಂಬ ಬಹುಮಾನವೂ ಸಿಗುತ್ತದೆ.

ಜೋಗ ತಲುಪಿದ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ನೋಡುವವರು ನೋಡುತ್ತಾರೆ, ಫೋಟೊ ತೆಗೆಯುವವರು ತೆಗೆಯುತ್ತಾರೆ. ನಮ್ಮಲ್ಲೊಬ್ಬಳು ಗಾಡಿಯ ಹಿಂದಿನ ಸೀಟಿನಲ್ಲಿ, ಮುಚ್ಚಿದ ಕಿಟಕಿಗಳ ಸೆಕೆಯಲ್ಲಿ, ಮಗುವಿಗೆ ಹಾಲು ಕೊಡುತ್ತಾ ಕುಳಿತಿರುತ್ತಾಳೆ. ಅದು ಮುಗಿಯುವಷ್ಟರಲ್ಲಿ ಮಂಜು ಕವಿದು ಜಲಪಾತ ಮುಚ್ಚಿಹೋಗುತ್ತದೆ. ಜೋಗ ನೋಡಿದೆಯಾ ಎಂದು ಊರಲ್ಲಿ ಯಾರಾದರೂ ಕೇಳಿದರೆ, ಶಬ್ದ ಕೇಳಿದ್ದೇನೆ ಎಂದು ಆಕೆ ಹೇಳಬೇಕು.

ಊಟದ ಕಥೆ ಇದಕ್ಕಿಂತ ಬೇರೆಯಲ್ಲ. ಕರಾವಳಿಯ ಹಳೆಯ ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಮ್' ಎಂದು ಒಂದು ಏರ್ಪಾಡಿತ್ತು. ಅರ್ಧ ಎತ್ತರದ ಹಲಗೆ ಗೋಡೆ, ಮಾಸಿದ ಒಂದು ಪರದೆ, ಗೊರಗೊರ ಎನ್ನುವ ಫ್ಯಾನು. ಅದನ್ನು ನೋಡಿ ನಕ್ಕವರಲ್ಲಿ ನಾವೂ ಇದ್ದೇವೆ. ಮಗು ಮಡಿಲಿಗೆ ಬಂದ ಮೇಲೆ ಆ ಪರದೆಯ ಬೆಲೆ ಗೊತ್ತಾಯಿತು. ಅಷ್ಟರಲ್ಲಿ ಅವು ಒಂದೊಂದಾಗಿ ಮಾಯವಾಗಿ, ಆ ಜಾಗದಲ್ಲಿ ಗಾಜಿನ ಗೋಡೆಯ ರೆಸ್ಟೋರೆಂಟುಗಳು ಬಂದಿದ್ದವು. ಮಂದಬೆಳಕು, ಹಾಡು, ಎತ್ತರದ ಕುರ್ಚಿಗಳು, ಎಲ್ಲ ಉಂಟು. ಮಗುವಿನ ಬಟ್ಟೆ ಬದಲಿಸಲು ಒಂದು ಹಲಗೆ ಮಾತ್ರ ಇಲ್ಲ. 1980ರ ದಶಕದಿಂದ ಬೆಂಗಳೂರಿನಲ್ಲಿ ಹಬ್ಬಿದ ದರ್ಶಿನಿಗಳಂತೂ ನಿಂತು ತಿನ್ನುವ ಜಾಗ. ರುಚಿ ಒಳ್ಳೆಯದು, ಬೆಲೆಯೂ ಕಡಿಮೆ, ಒಪ್ಪೋಣ. ಆದರೆ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ತಟ್ಟೆ ಹಿಡಿದವಳು ಇಡ್ಲಿ ಮುರಿಯುವುದು ಯಾವ ಕೈಯಿಂದ?

ಮತ್ತು ಯಾವ ಹೋಟೆಲಿಗೆ ಹೋದರೂ ಒಂದು ಕ್ರಮ ತಪ್ಪುವುದಿಲ್ಲ. ಎಲ್ಲರೂ ಬಿಸಿಬಿಸಿ ಉಣ್ಣುತ್ತಾರೆ, ಮಗು ತಾಯಿಯ ಹೆಗಲ ಮೇಲಿರುತ್ತದೆ. ಎಲ್ಲರೂ ಕೈ ತೊಳೆದು ಬಂದ ಮೇಲೆ, "ಕೊಡು, ಈಗ ನೀನು ಉಣ್ಣು" ಎನ್ನುತ್ತಾರೆ. ಆಗ ಬಿರಿಯಾನಿ ತಣ್ಣಗಾಗಿರುತ್ತದೆ, ಬಿಲ್ಲು ಮೇಜಿನ ಮೇಲಿರುತ್ತದೆ, ಡ್ರೈವರ್ ಹಾರ್ನ್ ಹಾಕುತ್ತಿರುತ್ತಾನೆ. ಹಾಲೂಡಿಸುವವಳಿಗೆ ಎಲ್ಲರಿಗಿಂತ ಹೆಚ್ಚು ಹಸಿವು ಎಂಬುದು ವೈದ್ಯರಲ್ಲದವರಿಗೂ ಗೊತ್ತಿರುವ ಸಂಗತಿ. ಮೊದಲ ತಟ್ಟೆ ಅವಳ ಮುಂದೆ ಬರಬೇಕು ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು ಎಂದು ಹ.ಆಯಿಶಾ(ರ) ತಿಳಿಸಿದ್ದು ಬುಖಾರಿಯಲ್ಲಿದೆ. ಈ ಹದೀಸನ್ನು ಭಾಷಣಗಳಲ್ಲಿ ಎಷ್ಟು ಬಾರಿ ಕೇಳಿಲ್ಲ ನಾವು! ಕೇಳಿ ಬಂದವರು ಹೋಟೆಲಿನಲ್ಲಿ ಹತ್ತು ನಿಮಿಷ ಮಗುವನ್ನು ಎತ್ತಿಕೊಂಡು ಹೊರಗೆ ನಿಂತರೆ ಅದೇನು ಗಂಡಸುತನಕ್ಕೆ ಕುಂದೇ?

ಇನ್ನು ಸರಕಾರದ ಕಡೆ ನೋಡೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಹಣ ಬೇಡವೆಂದಾಯಿತು. ಅದನ್ನು ಹೀಗಳೆಯುವವರ ಸಾಲಿನಲ್ಲಿ ನಾವಿಲ್ಲ. ಕೈಯಲ್ಲಿ ಕಾಸಿಲ್ಲದೆ ತವರಿನ ಮುಖ ನೋಡದಿದ್ದವರು ಆ ಮೇಲೆ ನೋಡಿದ್ದಾರೆ. ಆದರೆ ಬಸ್ಸು ಹತ್ತಿಸಿದವರು ಬಸ್ ನಿಲ್ದಾಣದತ್ತ ತಿರುಗಿ ನೋಡಿದರೇ? ಒಂದು ತಾಲೂಕು ಕೇಂದ್ರದ ನಿಲ್ದಾಣದಲ್ಲಿ ಮಗು ಹಸಿದು ಬೊಬ್ಬಿಡುವಾಗ, ಗೋಡೆಯ ಮೇಲೆ ತಾಯಿ ಮಗುವಿನ ಚಂದದ ಚಿತ್ರ ಬರೆದ ಕೋಣೆಯೊಂದು ನಮಗೆ ಕಂಡಿತು. ಬಾಗಿಲಿಗೆ ಬೀಗ. ಕೇಳಿದರೆ ಕೀಲಿಕೈ ಇದ್ದವರು ಊಟಕ್ಕೆ ಹೋಗಿದ್ದಾರೆ ಎಂದರು. ಅವರು ಬರುವಾಗ ನಮ್ಮ ಬಸ್ಸೂ ಬಂತು. ಕಿಟಕಿಯಿಂದ ಇಣುಕಿದಾಗ ಕಂಡದ್ದು ಪೊರಕೆ, ಫಿನಾಯಿಲ್ ಡಬ್ಬ, ಮುರಿದ ಎರಡು ಕುರ್ಚಿ.

ಕಾನೂನು ಇಲ್ಲವೆಂದಲ್ಲ. ತಮಿಳುನಾಡು ಸರಕಾರ 2015ರಲ್ಲೇ ಬಸ್ ನಿಲ್ದಾಣಗಳಲ್ಲಿ ಹಾಲೂಡಿಸುವ ಕೋಣೆಗಳನ್ನು ತೆರೆದಿತ್ತು. 2018ರಲ್ಲಿ ದೆಹಲಿ ಹೈಕೋರ್ಟಿಗೆ ಒಂಬತ್ತು ತಿಂಗಳ ಮಗುವೊಂದರ ಹೆಸರಿನಲ್ಲೇ ಅರ್ಜಿ ಬಂತು. ಸಾರ್ವಜನಿಕ ಸ್ಥಳಗಳಲ್ಲಿ ತಾಯಂದಿರಿಗೆ ಹಾಲೂಡಿಸಲು ಜಾಗ ಮಾಡಿಕೊಡಿ ಎಂಬುದು ಅದರ ಬೇಡಿಕೆ. ಮುಂದೆ ಸುಪ್ರೀಂ ಕೋರ್ಟಿಗೂ ಇಂಥದೇ ಅರ್ಜಿ ಹೋಗಿ, 2025ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಪ್ರಸನ್ನ ಬಿ. ವರಾಳೆ ಅವರ ಪೀಠ ತೀರ್ಪು ಕೊಟ್ಟಿತು. ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಕೋಣೆ, ಶಿಶುಪಾಲನೆಯ ಜಾಗ ಇರುವಂತೆ ರಾಜ್ಯಗಳು ನೋಡಿಕೊಳ್ಳಬೇಕೆಂದೂ, ಸಾರ್ವಜನಿಕ ಸ್ಥಳದಲ್ಲಿ ಹಾಲೂಡಿಸುವುದನ್ನು ಕಳಂಕವೆಂಬಂತೆ ಕಾಣಬಾರದೆಂದೂ ಅದು ಹೇಳಿತು. ತೀರ್ಪು ಕೊಟ್ಟ ಇಬ್ಬರಲ್ಲಿ ಒಬ್ಬರು ನಮ್ಮ ರಾಜ್ಯದವರು, ಇನ್ನೊಬ್ಬರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಹಾಗಿದ್ದೂ ನಮ್ಮ ಊರಿನ ಕೀಲಿಕೈ ಇನ್ನೂ ಊಟಕ್ಕೆ ಹೋಗಿದೆ. ವಿಮಾನ ಹತ್ತುವ ತಾಯಿಗೆ ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ ಸಿಗುತ್ತದೆ. ಕೆಂಪು ಬಸ್ಸು ಹತ್ತುವ ತಾಯಿಗೆ ಶೌಚಾಲಯದ ಪಕ್ಕದ ಕಟ್ಟೆ ಸಿಗುತ್ತದೆ. ಹಾಲಿಗೂ ಜಾತಿ ಉಂಟೆಂದು ಇಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ.

ರೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಬರ್ತೂ ಇಲ್ಲ. 2022ರಲ್ಲಿ ಲಕ್ನೋ ಮೇಲ್‌ನಲ್ಲಿ ಪ್ರಯೋಗಕ್ಕೆಂದು 'ಬೇಬಿ ಬರ್ತ್' ಜೋಡಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಅದಕ್ಕೆಷ್ಟೋ ವರ್ಷಗಳ ಮೊದಲೇ ಜನರಲ್ ಬೋಗಿಯ ಬಡ ತಾಯಂದಿರು ಎರಡು ಬರ್ತ್‌ಗಳ ನಡುವೆ ಹಳೆ ಸೀರೆಯ ಜೋಲಿ ಕಟ್ಟಿ ಮಕ್ಕಳನ್ನು ಮಲಗಿಸುವುದನ್ನು ಕಂಡುಹಿಡಿದಿದ್ದರು. ಅವರ ಫೋಟೊ ಯಾವ ಪೇಪರಿನಲ್ಲೂ ಬರಲಿಲ್ಲ.

ಪರಿಹಾರ ಸೂಚಿಸುವವರೂ ಇದ್ದಾರೆ. "ಹೊರಗೆ ಹೋಗುವಾಗ ಬಾಟಲಿ ಕೊಟ್ಟರಾಯಿತು." ಬಾಟಲಿ ಹಾಲಿನ ಜಾಹೀರಾತನ್ನೇ ಈ ದೇಶ 1992ರ ಕಾಯಿದೆಯಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಲೂಡಿಸುವ ಅವಧಿಯನ್ನು ಪೂರ್ಣಗೊಳಿಸಬಯಸುವವರಿಗೆ ಪೂರಾ ಎರಡು ವರ್ಷವೆಂದು ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲಿ ತಿಳಿಸಿ, ಆ ಕಾಲದಲ್ಲಿ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸಿದೆ. ಒಂದು ಬೆಂಚು, ಒಂದು ಪರದೆ ಕೊಡಲು ಬೇಸರಪಟ್ಟು ಮಗುವಿನ ಆಹಾರವನ್ನೇ ಬದಲಿಸು ಎನ್ನುವುದು ಯಾವ ನ್ಯಾಯ?

ಆಳುವವರಿಗೆ ಮಗುವಿನ ಅಳು ಹೇಗೆ ಕೇಳಿಸಬೇಕು ಎಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಒಂದು ಪ್ರಸಂಗವಿದೆ. ಖಲೀಫ ಹ.ಉಮರ್(ರ)ರ ಕಾಲ. ವರ್ತಕರ ತಂಡವೊಂದು ಮದೀನಾಕ್ಕೆ ಬಂದು ರಾತ್ರಿ ಬಯಲಿನಲ್ಲಿ ಬೀಡುಬಿಟ್ಟಿತ್ತು. ಅಂದರೆ ಅವರೂ ಪ್ರಯಾಣಿಕರೇ. ಹ.ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಜೊತೆ ಉಮರ್(ರ) ತಾವೇ ಕಾವಲಿಗೆ ನಿಂತರು. ಒಂದು ಮಗು ಅಳುತ್ತಿತ್ತು. ಹೋಗಿ ತಾಯಿಗೆ ಹೇಳಿ ಬಂದರು. ಮತ್ತೆ ಅಳು, ಮತ್ತೆ ಹೋದರು. ರಾತ್ರಿಯ ಕೊನೆಗೂ ಅಳು ನಿಲ್ಲದಿದ್ದಾಗ ಗದರಿದರು. ಎದುರಿಗಿರುವುದು ಖಲೀಫರೆಂದು ತಿಳಿಯದ ಆಕೆ ಹೇಳಿದ ಉತ್ತರದ ಸಾರಾಂಶ ಇಷ್ಟು: ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುವುದು, ಅದಕ್ಕಾಗಿ ಬೇಗ ಹಾಲು ಬಿಡಿಸಲು ನೋಡುತ್ತಿದ್ದೇನೆ. ಅಂದಿನ ಫಜ್ರ್ ನಮಾಝ್‌ನಲ್ಲಿ ಖಲೀಫರ ಅಳುವಿನಿಂದಾಗಿ ಅವರ ಓದು ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ನಮಾಝ್ ಮುಗಿದದ್ದೇ, ಹುಟ್ಟಿದ ಪ್ರತಿಯೊಂದು ಮಗುವಿಗೂ ಭತ್ಯೆ ಎಂಬ ಆಜ್ಞೆ ಹೊರಟಿತು. ಮಗುವನ್ನು ಮನೆಯಲ್ಲಿಟ್ಟು ಬರಬಾರದಿತ್ತೇ ಎಂದು ಅವರು ಆ ತಾಯಿಯನ್ನು ಕೇಳಲಿಲ್ಲ.

ಸರಕಾರವನ್ನು ಹೀಗೆ ತರಾಟೆಗೆ ತೆಗೆದುಕೊಳ್ಳುವ ನಾವು ನಮ್ಮ ಅಂಗಳಕ್ಕೂ ಬರಬೇಕಲ್ಲ? ಮಂಗಳೂರಿನಿಂದ ಭಟ್ಕಳದವರೆಗೆ ಹೆದ್ದಾರಿಯುದ್ದಕ್ಕೂ ಎಷ್ಟು ಮಸೀದಿಗಳು! ಅಮೃತಶಿಲೆ, ಮಿನಾರ, ಬಣ್ಣದ ದೀಪ, ಹವಾನಿಯಂತ್ರಣ. ಲುಹರ್‌ನ ಹೊತ್ತಿಗೆ ಗಾಡಿ ನಿಲ್ಲುತ್ತದೆ. ಗಂಡಸರು ಇಳಿದು ವುಝೂ ಮಾಡಿ, ನಮಾಝ್ ಮಾಡಿ, ಮುಖ ಒರೆಸಿಕೊಳ್ಳುತ್ತಾ ಬರುತ್ತಾರೆ. ನಾವು ಗಾಡಿಯೊಳಗೇ ಇರುತ್ತೇವೆ. "ಹೆಂಗಸರಿಗೆ ಜಾಗ ಉಂಟಾ?" ಎಂದು ವಿಚಾರಿಸಿದರೆ, "ಇಲ್ಲ, ಮನೆಗೆ ಹೋಗಿ ಕಳಾ ಮಾಡಿ" ಎಂಬ ಉತ್ತರ. ಪ್ರಯಾಣಿಕರಿಗೆ ಎರಡು ನಮಾಝ್‌ಗಳನ್ನು ಜೊತೆಗೂಡಿಸುವ, ಮೊಟಕುಗೊಳಿಸುವ ರಿಯಾಯಿತಿಯನ್ನು ನಮ್ಮ ಶಾಫಿಈ ಗ್ರಂಥಗಳು ಪುಟಗಟ್ಟಲೆ ವಿವರಿಸುತ್ತವೆ. ಆ ರಿಯಾಯಿತಿಗೂ ಆರು ಅಡಿ ನೆಲ ಬೇಕು. ಹೆಣ್ಣಿಗೆ ಮನೆಯ ನಮಾಝೇ ಶ್ರೇಷ್ಠ ಎಂದು ಹದೀಸ್ ತೋರಿಸುವವರೊಂದಿಗೆ ನಮಗೆ ಜಗಳವಿಲ್ಲ. ಮನೆಯಿಂದ 150 ಕಿಲೋಮೀಟರ್ ದೂರದಲ್ಲಿ ರಸ್ತೆಬದಿಯಲ್ಲಿ ಕುಳಿತವಳ ಮನೆ ಯಾವುದೆಂದು ಅವರೇ ಹೇಳಲಿ. ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬಾರದೆಂಬ ಪ್ರವಾದಿ ವಚನವೂ ಅದೇ ಗ್ರಂಥಗಳಲ್ಲಿದೆ. ಮಹಿಳೆ ಮಸೀದಿಗೆ ಬಂದು ನಮಾಝ್ ಮಾಡಲು ಇಸ್ಲಾಮಿನಲ್ಲಿ ಅನುಮತಿಯಿದೆ ಎಂದು ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿದೆ. ಕೋರ್ಟಿಗೆ ಒಂದು ಉತ್ತರ, ಮನೆಯ ಹೆಣ್ಣುಮಕ್ಕಳಿಗೆ ಇನ್ನೊಂದು ಉತ್ತರವೇ?

ಕೆಲವು ಕಡೆ ಪ್ರತ್ಯೇಕ ಕೋಣೆ, ವುಝೂಗೆ ನಳ್ಳಿ, ಶೌಚಾಲಯ ಎಲ್ಲ ಮಾಡಿದ್ದಾರೆ. ಮಾಡಿದವರಿಗೆ ಎಷ್ಟು ದುಆ ಮಾಡಿದರೂ ಸಾಲದು. ಆದರೆ ಅಲ್ಲಿಯೂ ಮಗು ಅತ್ತರೆ, "ಮಕ್ಕಳನ್ನು ಯಾಕೆ ತರುತ್ತೀರಿ, ಮಸೀದಿ ನಜಸ್ ಆಗುತ್ತದೆ" ಎನ್ನುವವರು ಇದ್ದೇ ಇದ್ದಾರೆ. ಮಕ್ಕಳನ್ನು ಮಸೀದಿಯಿಂದ ದೂರವಿಡಿ ಎಂಬ ವರದಿಯೊಂದನ್ನು ಉದ್ಧರಿಸುತ್ತಾರೆ. ಅದು ದುರ್ಬಲವೆಂದು ಹದೀಸ್ ವಿದ್ವಾಂಸರು ಹೇಳಿದ್ದನ್ನು ಮಾತ್ರ ಉದ್ಧರಿಸುವುದಿಲ್ಲ. ಪ್ರಬಲವಾದವುಗಳಲ್ಲಿ ಏನಿದೆ? ದೀರ್ಘವಾಗಿ ನಮಾಝ್ ಮಾಡಬೇಕೆಂದು ನಿಂತ ಪ್ರವಾದಿ(ಸ)ರು ಮಗುವಿನ ಅಳು ಕೇಳಿ, ತಾಯಿಗೆ ಕಷ್ಟವಾಗದಿರಲೆಂದು ನಮಾಝನ್ನೇ ಹ್ರಸ್ವಗೊಳಿಸುತ್ತಿದ್ದರು. ಅಂದರೆ ಆ ಮಸೀದಿಯಲ್ಲಿ ತಾಯಿ ಇದ್ದಳು, ಕೂಸು ಇತ್ತು, ಅಳುವೂ ಇತ್ತು. ಬದಲಾದದ್ದು ಇಮಾಮರ ನಮಾಝ್. ಮೊಮ್ಮಗಳು ಉಮಾಮಳನ್ನು ಎತ್ತಿಕೊಂಡೇ ಅವರು ನಮಾಝ್ ಮಾಡಿದ್ದರು, ಸುಜೂದಿಗೆ ಹೋಗುವಾಗ ಇಳಿಸುತ್ತಿದ್ದರು, ಏಳುವಾಗ ಎತ್ತಿಕೊಳ್ಳುತ್ತಿದ್ದರು. ಇನ್ನೂ ಅನ್ನ ತಿನ್ನದ ಒಂದು ಗಂಡುಕೂಸು ಅವರ ಮಡಿಲಲ್ಲೇ ಮೂತ್ರ ಮಾಡಿದಾಗ ನೀರು ತರಿಸಿ ಬಟ್ಟೆಗೆ ಚಿಮುಕಿಸಿದರು, ಅಷ್ಟೇ. ಅವರ ಉಡುಪಿಗಿಂತ ನಮ್ಮ ಜಮಾಅತಿನ ಕಾರ್ಪೆಟ್ ಹೆಚ್ಚು ಪವಿತ್ರವೇ?

ಕೂಸು ಕಟ್ಟಿಕೊಂಡು ಪ್ರಯಾಣ ಯಾಕೆ ಎನ್ನುವವರು ಹಜ್ಜಿನ ಚರಿತ್ರೆಯನ್ನೊಮ್ಮೆ ಓದಬೇಕು. ಪ್ರವಾದಿ(ಸ)ರ ವಿದಾಯ ಹಜ್ಜಿನ ಯಾತ್ರೆ ಮದೀನಾದಿಂದ ಹೊರಟು ದುಲ್‌ಹುಲೈಫಾ ತಲುಪಿದಾಗ, ಹ.ಅಬೂಬಕರ್(ರ)ರ ಪತ್ನಿ ಅಸ್ಮಾ ಬಿಂತ್ ಉಮೈಸ್(ರ) ಅಲ್ಲೇ ಗಂಡುಮಗುವನ್ನು ಹೆತ್ತರು. ಯಾತ್ರೆ ಇನ್ನೂ ಪೂರ್ತಿ ಮುಂದಿತ್ತು. ಬಾಣಂತಿಯನ್ನು ಮನೆಗೆ ಕಳುಹಿಸಲಿಲ್ಲ. ಸ್ನಾನ ಮಾಡಿ, ಬಟ್ಟೆ ಬಿಗಿದುಕಟ್ಟಿ, ಇಹ್ರಾಮ್ ಧರಿಸಲು ಪ್ರವಾದಿ(ಸ)ರು ತಿಳಿಸಿದರು. ಪ್ರಯಾಣದಲ್ಲಿ ಒಬ್ಬ ಸ್ತ್ರೀ ತನ್ನ ಮಗುವನ್ನು ಮೇಲೆತ್ತಿ ತೋರಿಸಿ, ಇದಕ್ಕೂ ಹಜ್ಜ್ ಉಂಟೇ ಎಂದು ಕೇಳಿದಾಗ, ಉಂಟು, ಪುಣ್ಯ ನಿನಗೆ ಎಂಬ ಅರ್ಥದ ಉತ್ತರ ಕೊಟ್ಟರು. ಇನ್ನೂ ಹಿಂದಕ್ಕೆ ಹೋದರೆ, ಮರಳುಗಾಡಿನಲ್ಲಿ ಹಸುಗೂಸಿನೊಂದಿಗೆ ಒಂಟಿಯಾಗಿ ಉಳಿದ ಹ.ಹಾಜರಾ(ಅ). ನೀರಿಗಾಗಿ ಆ ತಾಯಿ ಸಫಾ ಮರ್ವಾಗಳ ನಡುವೆ ಏಳು ಸಲ ಓಡಿದ ಹಾದಿಯಲ್ಲೇ ಇಂದಿಗೂ ಹಾಜಿಗಳೆಲ್ಲ ನಡೆಯಬೇಕು, ಮಸೀದಿ ಕಮಿಟಿಯ ಅಧ್ಯಕ್ಷರೂ.

ಪರ್ದಾದ ಮಾತು ತೆಗೆಯುವವರಿದ್ದಾರೆ. ಪರ್ದಾ ಬೇಕೆಂದೇ ನಾವು ಕೇಳುತ್ತಿರುವುದು! ಮುಂದುಗಡೆ ಜಿಪ್ ಇರುವ ಬುರ್ಖಾ ಹೊಲಿಸಿಕೊಂಡು, ಮೇಲೊಂದು ಶಾಲು ಹೊದ್ದು, ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂರುವವರು ನಾವು. ಹಿಂದೆ ಸೀರೆಯ ಸೆರಗಿನಡಿ ಹಾಲು ಕೊಡುತ್ತಿದ್ದ ಹೆಂಗಸನ್ನು ಬಸ್ಸಿನಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದು ಹಸುವಿಗೆ ಕರು ಬಾಯಿಹಾಕಿದಷ್ಟೇ ಸಹಜವಾಗಿತ್ತು. ಈಗ ನೋಡುತ್ತಾರೆ, ಕೆಲವರ ಕೈಯಲ್ಲಿ ಮೊಬೈಲೂ ಇರುತ್ತದೆ. ನೋಡುವವನ ಕಣ್ಣಿಗೆ ಲಗಾಮು ಹಾಕುವ ಬದಲು ಹಸಿದ ಮಗುವಿನ ಬಾಯಿಗೆ ಬೀಗ ಹಾಕಲು ಹೊರಡುವುದನ್ನು ಲಜ್ಜೆ ಎಂದು ಕರೆಯಲು ನಾವು ಸಿದ್ಧರಿಲ್ಲ.

ಕೇಳುತ್ತಿರುವುದಾದರೂ ಎಷ್ಟು? ಮಸೀದಿಯ ಕಾಂಪೌಂಡಿನ ಮೂಲೆಯಲ್ಲಿ ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಕೋಣೆ. ಚಾಪೆ, ನೀರು, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಮುಸ್ಲಿಮರಿಗೆ ಮಾತ್ರ ಎಂದು ಬೋರ್ಡು ಬೇಡ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಇಳಿದು ಬಂದ ಯಾವ ತಾಯಿಯಾದರೂ ಅಲ್ಲಿ ಕೂರಲಿ. ಹೊಸ ಕಮಾನಿಗೆ, ಗೇಟಿಗೆ ಚಂದಾ ಎತ್ತುವಾಗ ನಮ್ಮ ಬಳೆಯನ್ನೂ ಕೇಳಿ ಪಡೆದಿದ್ದೀರಿ. ಆ ಲೆಕ್ಕದಲ್ಲಾದರೂ ಇದು ಸಾಲವಲ್ಲವೇ?

ಕಳೆದ ಸಲ ಘಟ್ಟ ಇಳಿದು ಬರುವಾಗ ಅಸರ್ ಆಗಿತ್ತು. ಮಗು ಅತ್ತು ಅತ್ತು ಕೆಂಪಾಗಿತ್ತು. ಹೆಂಚಿನ ಮಾಡಿನ ಒಂದು ಸಣ್ಣ ಮಸೀದಿಯ ಮುಂದೆ ಗಾಡಿ ನಿಲ್ಲಿಸಿದೆವು. ಹೆಂಗಸರಿಗೆ ಜಾಗವಿಲ್ಲ ಎಂಬ ಉತ್ತರ ಬರುವುದೆಂದು ಗೊತ್ತಿದ್ದೇ ಕೇಳಿದ್ದು. ವಯಸ್ಸಾದ ಮುಕ್ರಿಕ್ಕ ಏನೂ ಹೇಳದೆ ಪಕ್ಕದ ಮದ್ರಸದ ಒಂದು ಕ್ಲಾಸಿನ ಬಾಗಿಲು ತೆರೆದರು, ಬೆಂಚುಗಳನ್ನು ಗೋಡೆಗೆ ಸರಿಸಿದರು, ಮಿಂಬರ್ ಪಕ್ಕದಲ್ಲಿದ್ದ ಚಾಪೆಯನ್ನೇ ತಂದು ಹಾಸಿ, ಒಂದು ಬಕೆಟ್ ನೀರಿಟ್ಟು ಹೊರಗಿನ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕುಳಿತರು. ನಾವು ಸರದಿಯಲ್ಲಿ ನಮಾಝ್ ಮಾಡಿದೆವು. ಮಗು ಹಾಲು ಕುಡಿದು, ಕರಿಹಲಗೆಯ ಕೆಳಗೆ, ಚಾಪೆಯ ತುದಿಯಲ್ಲಿ ನಿದ್ದೆ ಹೋಯಿತು. ಅಸರ್‌ನ ಹೊತ್ತು ಇನ್ನೂ ಉಳಿದಿತ್ತು.